ಅಲೆಗೆ ಸಿಕ್ಕ ಚಿತ್ರಕಾರ

ಫ್ರಾನ್ಸ್ ದೇಶದ ಉತ್ತರ ಕರಾವಳಿಯಲ್ಲಿ ಎತ್ರೆತಾ ಎಂಬ ಊರಿದೆ. ಸೀಮೆಸುಣ್ಣದಂಥ ಬಿಳಿ ಬಂಡೆಗಳು ಅಲ್ಲಿ ಕಡಲಿಗೆ ಗೋಡೆ ಕಟ್ಟಿದ ಹಾಗೆ ನಿಂತಿವೆ. ಅಲೆ ಹೊಡೆದು ಹೊಡೆದು ಬಂಡೆಯಲ್ಲೇ ಕಮಾನುಗಳು ಮೂಡಿವೆ. ಅವುಗಳಲ್ಲಿ ದೊಡ್ಡದು ಮನ್ನಪೋರ್ತ್.

1880ರ ದಶಕದಲ್ಲಿ ಕ್ಲೋದ್ ಮೋನೆ ಎಂಬ ಚಿತ್ರಕಾರರು ಮತ್ತೆ ಮತ್ತೆ ಇಲ್ಲಿಗೆ ಬಂದರು. ಹಿಂದೆಲ್ಲ ಚಿತ್ರಕಾರರು ಹೆಚ್ಚಾಗಿ ಕೋಣೆಯೊಳಗೇ ಚಿತ್ರ ಮುಗಿಸುತ್ತಿದ್ದರು. 1841ರಲ್ಲಿ ಬಣ್ಣ ತುಂಬುವ ತಗಡಿನ ಟ್ಯೂಬು ಬಂದ ಮೇಲೆ ಬಣ್ಣವನ್ನು ಬಯಲಿಗೆ ಒಯ್ಯುವುದು ಸುಲಭವಾಯಿತು.

ಮೋನೆ ಬೆನ್ನು ಹತ್ತಿದ್ದು ಬಂಡೆ ಮೇಲಿನ ಬೆಳಕನ್ನು. ಬೆಳಕು ಬದಲಾದರೆ ಕ್ಯಾನ್ವಾಸೂ ಬದಲು. ಒಂದೇ ನೋಟದ ಐದಾರು ಕ್ಯಾನ್ವಾಸ್ ಹೊತ್ತು ಮಕ್ಕಳು ಅವರ ಹಿಂದೆ ನಡೆಯುತ್ತಿದ್ದರು ಎಂದು ಕಥೆಗಾರ ಮೊಪಾಸಾ ಬರೆದಿದ್ದಾರೆ.

1885ರ ನವೆಂಬರ್‌ನಲ್ಲಿ ಮೋನೆ ಮನ್ನಪೋರ್ತ್ ಬಳಿ ಚಿತ್ರ ಬರೆಯುತ್ತಿದ್ದರು. ಕಡಲು ಇಳಿಯುತ್ತಿದೆ ಎಂದುಕೊಂಡಿದ್ದರು. ನಿಜಕ್ಕೂ ಅದು ಏರುತ್ತಿತ್ತು! ದೊಡ್ಡ ಅಲೆಯೊಂದು ಅವರನ್ನು ಬಂಡೆಗೆ ಅಪ್ಪಳಿಸಿ ನೀರಿಗೆ ಎಳೆಯಿತು. ಅಂಬೆಗಾಲಿಟ್ಟು ಹೇಗೋ ಹೊರಬಂದರು. ಕ್ಯಾನ್ವಾಸ್, ಸ್ಟ್ಯಾಂಡು, ಚೀಲ ಕಡಲಪಾಲಾದವು. ಮುಂದೆ ಅವರ ಹೆಂಡತಿಯಾದ ಅಲೀಸ್‌ಗೆ ಪತ್ರದಲ್ಲಿ ಇದನ್ನೆಲ್ಲ ಹೇಳಿಕೊಂಡರು.

ಅಷ್ಟಾದರೂ ಮರುವರ್ಷ ಅಲ್ಲಿಗೇ ಹೋದರು. 1883ರ ಒಂದು, 1886ರ ಒಂದು ಮನ್ನಪೋರ್ತ್ ಚಿತ್ರ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿವೆ. ಮೊಬೈಲಿನಲ್ಲಿ ಹುಡುಕಿ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಬಂಡೆ ಅದೇ, ಬೆಳಕು ಬೇರೆ. ಚಿತ್ರ ಎಂದರೆ ನೆರಳಲ್ಲಿ ಕೂತು ಮಾಡುವ ಕೆಲಸ ಎನ್ನುವವರಿಗೆ ನಾವು ಹೇಳುವುದು ಈ ಅಲೆಯ ಕಥೆಯನ್ನೇ.