ಆರು ಸಲ ಗೆಲುವು, ಎರಡೂಕಾಲು ವರ್ಷ ಮಂತ್ರಿಗಿರಿ: ಸುಳ್ಯದ ಅಂಗಾರರ ಲೆಕ್ಕ

ಇವತ್ತಿನ ಎಪಿಸೋಡ್ ಕಡಬದಿಂದ ಶುರು ಮಾಡೋಣ. ಕಡಬ ಈಗ ತಾಲೂಕು. 2013ರ ಫೆಬ್ರವರಿ ಬಜೆಟ್‌ನಲ್ಲಿ ಜಗದೀಶ್ ಶೆಟ್ಟರ್ 43 ಹೊಸ ತಾಲೂಕು ಘೋಷಿಸಿದ್ರಲ್ಲ, ಅದರಲ್ಲಿ ಇದೂ ಒಂದು. ಪುತ್ತೂರಿನಿಂದ ಒಂದಷ್ಟು ಊರು, ಸುಳ್ಯದಿಂದ ಸುಬ್ರಹ್ಮಣ್ಯದ ಕಡೆಯ ಒಂದಷ್ಟು ಊರು ಸೇರಿಸಿ ಮಾಡಿದ್ದು. ತಹಶೀಲ್ದಾರ್ ಉಂಟು, ಕಚೇರಿ ಉಂಟು. ಆದ್ರೆ ಕಡಬ ಅಂತ ವಿಧಾನಸಭಾ ಕ್ಷೇತ್ರ ಇಲ್ಲ. ಕಡಬ ಪೇಟೆಯವರು ವೋಟು ಹಾಕೋದು ಸುಳ್ಯದ ಎಂಎಲ್‌ಎಗೆ. ಆ ಸುಳ್ಯದಲ್ಲಿ 1994ರಿಂದ 2023ರ ತನಕ ಎಂಎಲ್‌ಎ ಒಬ್ಬರೇ, ಎಸ್. ಅಂಗಾರ. ನಾನು ಹುಟ್ಟುವ ಮೊದಲೇ ಅವರು ಎಂಎಲ್‌ಎ. ನಾನು ಬಿ.ಕಾಂ ಮುಗಿಸಿ ಮೈಕ್ ಹಿಡಿದಾಗಲೂ ಅವರೇ.

ಕೂಲಿ ಕೆಲಸ ಮಾಡಿ ಬಂದವರು, ಸಂಘದ ಹಿನ್ನೆಲೆ, ಮಾತು ಕಡಿಮೆ. ಇಷ್ಟು ಎಲ್ಲರಿಗೂ ಗೊತ್ತು. ನನಗೆ ಕುತೂಹಲ ಇರೋದು ಬೇರೆ ವಿಷಯದಲ್ಲಿ. ಒಂದೇ ಕ್ಷೇತ್ರದಲ್ಲಿ, ಒಂದೇ ಪಕ್ಷದಿಂದ, ಸಾಲಾಗಿ ಆರು ಸಲ ಗೆದ್ದ ಮನುಷ್ಯ. 1994, 1999, 2004, 2008, 2013, 2018. ಇಂಥವರು ಮಂತ್ರಿಯಾಗಿದ್ದು ಎಷ್ಟು ದಿನ? 2021ರ ಜನವರಿಯಿಂದ 2023ರ ಮೇ ತನಕ, ಸುಮಾರು 28 ತಿಂಗಳು. 29 ವರ್ಷದ ಖಾತೆಯಲ್ಲಿ ಜಮಾ ಆಗಿದ್ದು ಇಷ್ಟೇ. ಕಾಮರ್ಸ್ ಓದಿದವನಿಗೆ ಈ ಲೆಕ್ಕ ತಾಳೆ ಆಗೋದೇ ಇಲ್ಲ.

ತಾಳೆ ನೋಡೋಕೆ ಇನ್ನೊಂದು ಹೆಸರು ತಗೊಳ್ಳೋಣ: ಡಿ.ವಿ. ಸದಾನಂದ ಗೌಡ. ಅವರೂ ಸುಳ್ಯ ತಾಲೂಕಿನವರೇ, ಮಂಡೆಕೋಲಿನವರು. 1989ರಲ್ಲಿ ಪುತ್ತೂರಿನಲ್ಲಿ ನಿಂತು ವಿನಯಕುಮಾರ್ ಸೊರಕೆ ಎದುರು ಸೋತರು. ಅದೇ ಚುನಾವಣೆಯಲ್ಲಿ ಅಂಗಾರ ಸುಳ್ಯದಲ್ಲಿ ಕಾಂಗ್ರೆಸ್ಸಿನ ಕೆ. ಕುಶಲ ಎದುರು ಸೋತರು. 1994ರಲ್ಲಿ ಇಬ್ಬರೂ ಗೆದ್ದರು. ಆ ಸಲ ರಾಜ್ಯದಲ್ಲಿ ಬಿಜೆಪಿಗೆ ಬಂದದ್ದು 40 ಸೀಟು, ಅದರಲ್ಲಿ ಇವರಿಬ್ಬರದ್ದೂ ಸೇರಿತ್ತು. ಒಂದೇ ತಾಲೂಕು, ಒಂದೇ ಪಕ್ಷ, ಒಂದೇ ಬ್ಯಾಚು. ಆಮೇಲೆ ನೋಡಿ. ಸದಾನಂದ ಗೌಡರು ರಾಜ್ಯಾಧ್ಯಕ್ಷರಾದರು, 2004ರಲ್ಲಿ ಮಂಗಳೂರಿನ, 2009ರಲ್ಲಿ ಉಡುಪಿ-ಚಿಕ್ಕಮಗಳೂರಿನ ಸಂಸದರಾದರು, 2011ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ. ಆ ಹೊತ್ತಿಗೆ ಅಂಗಾರ ನಾಲ್ಕನೇ ಅವಧಿಯ ಎಂಎಲ್‌ಎ. ತನ್ನದೇ ತಾಲೂಕಿನವರು ಮುಖ್ಯಮಂತ್ರಿ ಆದಾಗಲೂ ಇವರು ಮಂತ್ರಿ ಆಗಲಿಲ್ಲ.

ಸದಾನಂದ ಗೌಡರು ಊರು ಬಿಟ್ಟು ಪುತ್ತೂರಿಗೆ ಯಾಕೆ ಹೋದ್ರು ಅಂತ ಕೇಳಬಹುದು. ಸುಳ್ಯ ಪರಿಶಿಷ್ಟ ಜಾತಿಗೆ ಮೀಸಲು ಕ್ಷೇತ್ರ. ದಕ್ಷಿಣ ಕನ್ನಡದ ಎಂಟು, ಉಡುಪಿಯ ಐದು, ಒಟ್ಟು 13 ಕ್ಷೇತ್ರಗಳಲ್ಲಿ ಮೀಸಲು ಇರೋದು ಇದೊಂದೇ. ಗಮನಿಸಿ: 2011ರ ಜನಗಣತಿ ಪ್ರಕಾರ ದಕ್ಷಿಣ ಕನ್ನಡದಲ್ಲಿ ಪರಿಶಿಷ್ಟ ಜಾತಿಯವರು ಶೇಕಡಾ 7ರಷ್ಟು ಮಾತ್ರ. ಅಂದ್ರೆ ನಿಲ್ಲೋರು ದಲಿತರೇ ಆಗಬೇಕು, ಆದ್ರೆ ಗೆಲ್ಲಿಸೋರು ಹೆಚ್ಚಿನಂಶ ಬೇರೆಯವರು: ಅಡಿಕೆ ತೋಟದವರು, ರಬ್ಬರ್‌ನವರು, ಗೌಡರು, ಬಂಟರು, ಬಿಲ್ಲವರು, ಬ್ರಾಹ್ಮಣರು, ಮುಸ್ಲಿಮರು, ಕ್ರಿಶ್ಚಿಯನ್ನರು.

ಇದು ಸುಳ್ಯದವರು ಕಂಡುಹಿಡಿದ ಏರ್ಪಾಡಲ್ಲ. ಇದರ ಬೇರು 1932ರಲ್ಲಿದೆ. ಆ ವರ್ಷದ ಆಗಸ್ಟ್‌ನಲ್ಲಿ ಬ್ರಿಟಿಷ್ ಸರ್ಕಾರ ದಲಿತರಿಗೆ ಪ್ರತ್ಯೇಕ ಮತದಾನದ ಕ್ಷೇತ್ರ ಕೊಡುತ್ತೇವೆ ಅಂತು, ಅಂಬೇಡ್ಕರ್ ಕೇಳಿದ್ದೂ ಅದನ್ನೇ. ಗಾಂಧಿ ಯೆರವಡಾ ಜೈಲಿನಲ್ಲಿ ಉಪವಾಸ ಕೂತರು. ಸೆಪ್ಟೆಂಬರ್ 24ಕ್ಕೆ ಪೂನಾ ಒಪ್ಪಂದ ಆಯ್ತು: ಸೀಟು ಮೀಸಲು, ವೋಟು ಮಾತ್ರ ಎಲ್ಲರದ್ದು. ಹೀಗೆ ಗೆದ್ದು ಬಂದವರು ಯಾರ ಮಾತು ಕೇಳಬೇಕಾಗುತ್ತೆ ಅನ್ನೋ ಪ್ರಶ್ನೆ ಇಟ್ಟುಕೊಂಡು ಅಂಬೇಡ್ಕರ್ ಆಮೇಲೆ ಈ ಒಪ್ಪಂದವನ್ನು ಕಟುವಾಗಿ ಟೀಕಿಸಿದರು.

ಹಾಗಂತ ಅಂಗಾರ ಬರೀ ಪಕ್ಷದ ಗಾಳಿಯಲ್ಲಿ ಬಂದವರು ಅಂತ ತಳ್ಳಿಹಾಕೋಕೆ ಆಗಲ್ಲ ಮಾರಾಯ್ರೇ. 2013 ನೋಡಿ. ಯಡಿಯೂರಪ್ಪ ಕೆಜೆಪಿ ಕಟ್ಟಿಕೊಂಡು ಹೋಗಿದ್ರು. ಬಿಜೆಪಿ ಭದ್ರಕೋಟೆ ಅನ್ನಿಸಿಕೊಂಡ ಜಿಲ್ಲೆಯಲ್ಲಿ ಎಂಟರಲ್ಲಿ ಏಳು ಸೀಟು ಕಾಂಗ್ರೆಸ್ ಪಾಲಾಯ್ತು. ಉಳಿದ ಒಂದು ಸುಳ್ಯ. ಡಾ. ಬಿ. ರಘು ಎದುರು ಅಂಗಾರ ಗೆದ್ದದ್ದು ಬರೀ 1,373 ವೋಟಿನಲ್ಲಿ. ಮುಂದಿನ ಐದು ವರ್ಷ ದಕ್ಷಿಣ ಕನ್ನಡದಲ್ಲಿ ಬಿಜೆಪಿ ಎಂಎಲ್‌ಎ ಅಂದ್ರೆ ಅವರೊಬ್ಬರೇ. ನನ್ನ ಪ್ರಕಾರ ಪಕ್ಷ ಅವರಿಗೆ ನಿಜವಾಗಿ ಸಾಲಗಾರ ಆದದ್ದು ಆಗ.

ಸಾಲ ತೀರಿಸೋ ಅವಕಾಶವೂ ಬಂತು. 2018ರಲ್ಲಿ ಅದೇ ರಘು ಎದುರು ಅಂತರ 26,068ಕ್ಕೆ ಏರಿತು. 2019ರಲ್ಲಿ ಯಡಿಯೂರಪ್ಪ ಸರ್ಕಾರ. ಆಗಸ್ಟ್ 20ಕ್ಕೆ ಸಂಪುಟದ ಪಟ್ಟಿ ಬಂತು, ಕರಾವಳಿಯಿಂದ ವಿಧಾನ ಪರಿಷತ್ತಿನ ಕೋಟ ಶ್ರೀನಿವಾಸ ಪೂಜಾರಿ ಇದ್ದರು. ಆರು ಸಲ ಗೆದ್ದವರು ಇಲ್ಲ. ಸುಳ್ಯದ ಕಾರ್ಯಕರ್ತರು ಬಹಿರಂಗವಾಗಿಯೇ ಸಿಟ್ಟಾದರು. ಅಂಗಾರ ಗಲಾಟೆ ಮಾಡಲಿಲ್ಲ. ರೆಸಾರ್ಟು, ಗುಂಪು, ದಿಲ್ಲಿ ವಿಮಾನ ಇದ್ಯಾವುದೂ ಅವರ ದಾರಿ ಅಲ್ಲ. ಒಳ್ಳೆ ಗುಣ ಅಂತ ಎಲ್ಲರೂ ಹೊಗಳ್ತಾರೆ. ಆದ್ರೆ ನಮ್ಮ ರಾಜಕೀಯದಲ್ಲಿ ಸುಮ್ಮನಿರೋರ ಫೈಲು ಕೆಳಗೇ ಉಳಿಯುತ್ತೆ, ಅದೂ ಅಷ್ಟೇ ನಿಜ.

ಕೊನೆಗೂ 2021ರ ಜನವರಿ 13ಕ್ಕೆ ಪ್ರಮಾಣವಚನ. ಖಾತೆ ಯಾವುದು ಗೊತ್ತುಂಟಾ? ಮೀನುಗಾರಿಕೆ, ಬಂದರು ಮತ್ತು ಒಳನಾಡು ಜಲಸಾರಿಗೆ. ಪಯಸ್ವಿನಿ, ಕುಮಾರಧಾರಾ ಹರಿಯೋ ಘಟ್ಟದ ಬುಡದ ಕ್ಷೇತ್ರ, ಒಂದು ಇಂಚು ಕಡಲಿಲ್ಲ. ಬೊಮ್ಮಾಯಿ ಬಂದ ಮೇಲೂ ಅಂಗಾರ ಮುಂದುವರಿದರು, 2022ರಲ್ಲಿ ಉಡುಪಿ ಜಿಲ್ಲಾ ಉಸ್ತುವಾರಿಯೂ ಸಿಕ್ತು. ಕಡಬದವರಿಗೆ ಬೇಕಿದ್ದದ್ದು ರಸ್ತೆ, ಕರೆಂಟು, ಸೇತುವೆ. ಹೊಸ್ಮಠದ ಹಳೆ ಸೇತುವೆ ಮಳೆಗಾಲದಲ್ಲಿ ಮುಳುಗಿ ಕಡಬ-ಉಪ್ಪಿನಂಗಡಿ ದಾರಿ ಬಂದ್ ಆಗೋದನ್ನು ಈ ಕಡೆಯವರು ಮರೆತಿಲ್ಲ. ಈಗ ಅಲ್ಲಿ ಎತ್ತರದ ಹೊಸ ಸೇತುವೆ ಉಂಟು. 29 ವರ್ಷಕ್ಕೆ ಇದು ಸಾಕಾ ಅಂತ ಸ್ಥಳೀಯರು ಕೇಳಿದ್ರೆ ಅದು ನ್ಯಾಯವಾದ ಪ್ರಶ್ನೆ. ಸುಮ್ಮನಿದ್ದದ್ದಕ್ಕೆ ಅಂಗಾರರಿಗೆ ಮಂತ್ರಿಗಿರಿ ತಡವಾಯ್ತು, ಸರಿ. ಅದೇ ಮೌನಕ್ಕೆ ಊರು ಎಷ್ಟು ಕಳಕೊಂಡಿತು?

2023ರ ಏಪ್ರಿಲ್‌ನಲ್ಲಿ ಟಿಕೆಟ್ ತಪ್ಪಿತು, ಹಾಲಿ ಮಂತ್ರಿಗೆ. ಆವತ್ತು ಮಾತ್ರ ಅವರು ಬಾಯಿ ಬಿಟ್ಟರು. ಪ್ರಾಮಾಣಿಕತೆಗೆ ಸಿಕ್ಕ ಗೌರವ ಇದು ಅನ್ನೋ ಅರ್ಥದಲ್ಲಿ ಬೇಸರ ಹೇಳಿ, ರಾಜಕೀಯಕ್ಕೇ ನಿವೃತ್ತಿ ಅಂದರು. ಕೆಲವೇ ದಿನಗಳಲ್ಲಿ ಮನಸ್ಸು ಬದಲಿಸಿ ಪಕ್ಷದ ಪರ ಪ್ರಚಾರಕ್ಕೂ ಬಂದರು.

ಟಿಕೆಟ್ ಸಿಕ್ಕಿದ್ದು ಜಿಲ್ಲಾ ಪಂಚಾಯತ್ ಮಾಜಿ ಸದಸ್ಯೆ ಭಾಗೀರಥಿ ಮುರುಳ್ಯ ಅವರಿಗೆ. 30,874 ವೋಟಿನಲ್ಲಿ ಗೆದ್ದರು, ಅಂಗಾರರ 2018ರ ಅಂತರಕ್ಕಿಂತ ಜಾಸ್ತಿ. ಪಕ್ಷದವರು ಈ ಅಂಕಿ ತೋರಿಸಿ ನೋಡಿ, ವ್ಯಕ್ತಿ ಮುಖ್ಯ ಅಲ್ಲ ಅಂತಾರೆ. 2013ರ 1,373ನ್ನು ಅವರು ಅಷ್ಟು ಜೋರಾಗಿ ಹೇಳೋದಿಲ್ಲ. ಮುರುಳ್ಯ ಸುಳ್ಯದ ಮೊದಲ ಮಹಿಳಾ ಶಾಸಕಿ, ದಕ್ಷಿಣ ಕನ್ನಡದಿಂದ ವಿಧಾನಸಭೆಗೆ ಹೋದ ಮೊದಲ ದಲಿತ ಮಹಿಳೆ. ಆ ಸಲ ರಾಜ್ಯದಲ್ಲಿ ಗೆದ್ದದ್ದು ಕಾಂಗ್ರೆಸ್, ಹಾಗಾಗಿ ಅವರ ಮೊದಲ ಅವಧಿ ಶುರುವಾದದ್ದು ವಿರೋಧ ಪಕ್ಷದ ಸಾಲಿನಲ್ಲಿ, 1994ರಲ್ಲಿ ಅಂಗಾರರದ್ದು ಶುರುವಾದ ಹಾಗೇ.