ಬೋಕಿ ನುಡಿದ ಸಾಕ್ಷಿ

ಹೊಲದಲ್ಲಿ ಶಾಸನವೊಂದು ಸಿಕ್ಕಿತೆಂದರೆ ಊರಿಗೆ ಊರೇ ನೆರೆಯುತ್ತದೆ. ಒಡೆದ ಗಡಿಗೆಯ ಬೋಕಿ ಸಿಕ್ಕರೆ ಕಾಲಿನಿಂದ ಸರಿಸಿ ಮುಂದೆ ಹೋಗುತ್ತೇವೆ. ಶಾಸನ ಕಾವ್ಯಗಳನ್ನೇ ಪಾಠ ಹೇಳುತ್ತ ಬಂದ ನನ್ನಂಥವನಿಗೂ ಅಕ್ಷರವಿಲ್ಲದ ಸಾಕ್ಷಿಯ ಮೇಲೆ ನಂಬಿಕೆ ಹುಟ್ಟಿಸಿದ್ದು ಹಿರೇಕೆರೂರು ಸೀಮೆಯ ಹಳ್ಳೂರು.

ತುಂಗಭದ್ರೆಯ ದಂಡೆಯ ಈ ಹಳ್ಳಿಯ ದಿಬ್ಬವನ್ನು ಡಾ. ಎಂ. ಎಸ್. ನಾಗರಾಜರಾಯರು 1965ರಲ್ಲಿ ಅಗೆಸಿದರು. ಕೆಳಗಿನ ಪದರಗಳಲ್ಲಿ ನವಶಿಲಾಯುಗದ ಬೂದು ಮಡಕೆಗಳು. ಮೇಲೆ ಬಂದಂತೆ ಕಪ್ಪು-ಕೆಂಪು ಪಾತ್ರೆಗಳು, ಅವುಗಳ ಜೊತೆಗೆ ಕಬ್ಬಿಣ.

ಕಪ್ಪು-ಕೆಂಪು ಬೋಕಿಯನ್ನು ಗುರುತಿಸುವುದು ಕಷ್ಟವಲ್ಲ. ಒಳಮೈಯೂ ಬಾಯಂಚೂ ಕಪ್ಪು, ಹೊರಗೆ ಕೆಳಭಾಗ ಕೆಂಪು. ಇವು ಬಳಿದ ಬಣ್ಣಗಳಲ್ಲ, ಬೆಂಕಿ ಕೊಟ್ಟವು. ಪಾತ್ರೆಯನ್ನು ಬೋರಲು ಹಾಕಿ, ಬಾಯಿ ಹೊಟ್ಟಿನಲ್ಲಿ ಹುದುಗುವಂತೆ ಸುಟ್ಟರೆ ಗಾಳಿಯಾಡದ ಭಾಗ ಕಪ್ಪಾಗುತ್ತದೆ, ಗಾಳಿ ತಗಲಿದ್ದು ಕೆಂಪಾಗುತ್ತದೆ. ಮೈಮೇಲಿನ ಮಿರುಗು ಉಜ್ಜಿ ತಂದದ್ದು.

ಗಾಜಿನ ಲೇಪ ಕೊಟ್ಟ ಮಡಕೆಯ ಗುರುತೇ ಬೇರೆ. ಸ್ಪೇನಿನವರ ಆಳಿಕೆಯಲ್ಲಿ ಮೆಕ್ಸಿಕೋದ ಪ್ವೆಬ್ಲಾ ನಗರದಲ್ಲಿ ತಯಾರಾದ ಪಾತ್ರೆಗಳಿಗೆ ತವರ ಬೆರೆತ ಬಿಳಿಯ ಲೇಪ, ಅದರ ಮೇಲೆ ಕೋಬಾಲ್ಟಿನ ನೀಲಿ ಚಿತ್ತಾರ. ನೋಟಕ್ಕೆ ಚೀನದ ಪಿಂಗಾಣಿಯೇ. ಆದರೆ ಚಕ್ಕೆ ಎದ್ದ ಕಡೆ ಒಳಗಿನ ಮಣ್ಣು ಇಣುಕಿ ಗುಟ್ಟು ಬಯಲು ಮಾಡುತ್ತದೆ. ಕಸಬುದಾರ ತನ್ನ ಪಾತ್ರೆಗೆ ಗುರುತು ಹಾಕಬೇಕೆಂದು 1653ರ ಕಟ್ಟಳೆಯೇ ಅಲ್ಲಿತ್ತು. ನಮ್ಮ ಹಳ್ಳೂರಿನ ಕುಂಬಾರನಿಗೆ ಯಾವ ಕಟ್ಟಳೆ? ಅವನ ಕಾಲವನ್ನು ಬಲ್ಲುದು ಬೋಕಿ ಬಿದ್ದಿದ್ದ ಮಣ್ಣಿನ ಪದರವೊಂದೇ. ಹಳೆಯ ದಿಬ್ಬದ ಮಣ್ಣನ್ನು ಗೊಬ್ಬರವೆಂದು ಹೊಲಕ್ಕೆ ಹೇರಿದರೆ ಬೋಕಿ ಉಳಿದೀತು, ಕಾಲ ಕಳೆದುಹೋಗುತ್ತದೆ.

ಈ ಕಾಲದ ಲೆಕ್ಕ ಸಣ್ಣದಲ್ಲ. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು ಅಗೆಸಿದ ಮಾರ್ಟಿಮರ್ ವೀಲರ್, ಕಬ್ಬಿಣ ಬಳಸಿದ ಕಲ್ಗೋರಿಗಳ ಜನರನ್ನು ಕ್ರಿ. ಪೂ. 200ರ ಸುಮಾರಿಗೆ ತಂದು ನಿಲ್ಲಿಸಿದ್ದರು. ಹಳ್ಳೂರಿನಲ್ಲಿ ಕಬ್ಬಿಣವಿದ್ದ ಪದರಕ್ಕೆ ರೇಡಿಯೋ ಕಾರ್ಬನ್ ಪರೀಕ್ಷೆ ಕೊಟ್ಟ ಕಾಲವೋ ಕ್ರಿ. ಪೂ. 1000ದ ಆಸುಪಾಸು. ಒಂದೇ ನೆಗೆತಕ್ಕೆ ಎಂಟುನೂರು ವರ್ಷ! ಹೊರಗಿನಿಂದ ಬಂದವರು ಕಬ್ಬಿಣ ತಂದರೆಂಬ ವೀಲರರ ಊಹೆಯನ್ನೂ ನಾನು ಸುಲಭವಾಗಿ ಒಪ್ಪಲಾರೆ. ಹಳ್ಳೂರಿನ ನಡುವಣ ಪದರದಲ್ಲಿ ಹಳೆಯ ಬಗೆಯ ಮಡಕೆಗಳೂ ಹೊಸ ಕಪ್ಪು-ಕೆಂಪು ಪಾತ್ರೆಗಳೂ ಕೂಡಿಯೇ ಇವೆ. ಒಂದೇ ಊರಿನವರು ಕೆಲಕಾಲ ಎರಡನ್ನೂ ಬಳಸುತ್ತಿದ್ದಿರಬೇಕು.