ಲ್ಯಾಪ್‌ಟಾಪ್ ಬ್ಯಾಟರಿ ಸಂರಕ್ಷಣೆ: ಡೆಸ್ಕ್‌ಟಾಪ್ ಬದಲಿಗೆ ಬಳಸುವಾಗ

ಲ್ಯಾಪ್‌ಟಾಪನ್ನು ದೊಡ್ಡ ಮಾನಿಟರ್, ಕೀಬೋರ್ಡ್, ಮೌಸ್‌ಗಳಿಗೆ ಜೋಡಿಸಿ, ಚಾರ್ಜರ್ ಕೀಳದೆ, ಡೆಸ್ಕ್‌ಟಾಪ್ ಕಂಪ್ಯೂಟರಿನ ಜಾಗದಲ್ಲಿ ಕಾಯಂ ಆಗಿ ಇಟ್ಟುಕೊಳ್ಳುವ ರೂಢಿ ಈಗ ನಗರದ ಮನೆಗಳಲ್ಲಿ ಸಾಮಾನ್ಯ. ಇಂಥ ಯಂತ್ರದ ಬ್ಯಾಟರಿಗೆ ಕೆಲಸವೇ ಇಲ್ಲ, ಆದರೂ ಕೆಲವೇ ವರ್ಷಗಳಲ್ಲಿ ಅದು ಸೊರಗುವುದುಂಟು. ಸದಾ ತುಂಬಿರುವ ಚಾರ್ಜ್ ಮತ್ತು ಶಾಖ ಇದಕ್ಕೆ ಮುಖ್ಯ ಕಾರಣಗಳು. ಉತ್ತರ ಬೆಂಗಳೂರಿನ ಸಹಕಾರನಗರದಂಥ ಬಡಾವಣೆಯಲ್ಲಿ ಕರೆಂಟಿನ ಕಣ್ಣಾಮುಚ್ಚಾಲೆ ಮತ್ತು ಮನೆಯಲ್ಲೇ ಇರುವ ಯುಪಿಎಸ್ ಸೇರಿಕೊಂಡು ಈ ಪ್ರಶ್ನೆಗೆ ಸ್ಥಳೀಯ ಬಣ್ಣ ಬಂದಿದೆ.

ಹಿನ್ನೆಲೆ

ಬಳ್ಳಾರಿ ರಸ್ತೆಯ ಪಶ್ಚಿಮಕ್ಕೆ, ಕೊಡಿಗೆಹಳ್ಳಿಗೆ ಹೊಂದಿಕೊಂಡಂತೆ ಸಹಕಾರನಗರವಿದೆ. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ ಪಕ್ಕದಲ್ಲಿದೆ; ಹೆಬ್ಬಾಳ ಮತ್ತು ನಾಗವಾರದ ಮಾನ್ಯತಾ ಟೆಕ್ ಪಾರ್ಕ್ ದಿನನಿತ್ಯ ಹೋಗಿ ಬರುವಷ್ಟು ದೂರ. 2020ರ ಮಾರ್ಚ್‌ನ ಲಾಕ್‌ಡೌನ್‌ನಲ್ಲಿ ಕಂಪನಿಯ ಲ್ಯಾಪ್‌ಟಾಪ್ ಮನೆಗೆ ಬಂತು, ಅದಕ್ಕೊಂದು ಮೇಜು, ಮಾನಿಟರ್ ಕೂಡಿಕೊಂಡವು. ಆಫೀಸು ಮತ್ತೆ ತೆರೆದರೂ ವಾರದ ಕೆಲವು ದಿನ ಮನೆಯಿಂದ ಕೆಲಸ ಮಾಡುವ ಪದ್ಧತಿ ಉಳಿದುಕೊಂಡಿತು. ಮಕ್ಕಳ ಆನ್‌ಲೈನ್ ಪಾಠಕ್ಕೆಂದು ಕೊಂಡ ಲ್ಯಾಪ್‌ಟಾಪಿಗೂ ಅದೇ ಗತಿ: ಗೋಡೆಯ ಸ್ವಿಚ್ಚಿಗೆ ಕಟ್ಟಿಹಾಕಿದಂತೆ ವರ್ಷಗಟ್ಟಲೆ ಒಂದೇ ಕಡೆ.

ಬ್ಯಾಟರಿ ಸವೆಯುವ ಬಗೆ

ಲಿಥಿಯಂ-ಅಯಾನ್ ಬ್ಯಾಟರಿಯನ್ನು ಸೋನಿ ಕಂಪನಿ 1991ರಲ್ಲಿ ಮಾರುಕಟ್ಟೆಗೆ ತಂದಿತು. ಅದಕ್ಕೆ ತಳಹದಿ ಹಾಕಿದ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೋಶಿನೊ ಅವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಸಂದಿತು. ಚಾರ್ಜ್ ಆಗುವಾಗ ಲಿಥಿಯಂ ಅಯಾನುಗಳು ಧನಾಗ್ರವನ್ನು ಬಿಟ್ಟು ಗ್ರಾಫೈಟಿನ ಋಣಾಗ್ರ ಸೇರುತ್ತವೆ, ಬಳಸುವಾಗ ಹಿಂದಿರುಗುತ್ತವೆ. ಗ್ರಾಫೈಟಿನ ಮೇಲೆ ಮೊದಮೊದಲ ಚಾರ್ಜಿನಲ್ಲೇ ತೆಳುವಾದ ಪದರವೊಂದು ಕಟ್ಟಿಕೊಳ್ಳುತ್ತದೆ. ಆ ಪದರ ಇರಬೇಕಾದದ್ದೇ. ಆದರೆ ಅದು ದಪ್ಪಗಾಗುತ್ತ ಹೋದ ಹಾಗೆ ಒಂದಿಷ್ಟು ಲಿಥಿಯಂ ಅದರೊಳಗೇ ಸಿಕ್ಕಿಬಿದ್ದು ಮತ್ತೆಂದೂ ಕೆಲಸಕ್ಕೆ ಬರುವುದಿಲ್ಲ. ಸಾಮಾನ್ಯ ಸೆಲ್ ಪೂರ್ತಿ ತುಂಬಿದಾಗ ಅದರ ವೋಲ್ಟೇಜ್ 4.2ಕ್ಕೆ, ಹೊಸ ಬಗೆಯ ಕೆಲವು ಸೆಲ್‌ಗಳಲ್ಲಿ 4.4ರ ಆಸುಪಾಸಿಗೆ ಏರುತ್ತದೆ. ಈ ಎತ್ತರದಲ್ಲಿ ಧನಾಗ್ರದ ಬಳಿ ಎಲೆಕ್ಟ್ರೊಲೈಟ್ ದ್ರವವೂ ಒಡೆಯತೊಡಗುತ್ತದೆ. ಬಿಸಿ ಹೆಚ್ಚಿದಷ್ಟೂ ಇವೆಲ್ಲ ಚುರುಕಾಗುತ್ತವೆ.

ಹೀಗಾಗಿ ಸವೆತ ಎರಡು ಬಗೆ: ಚಾರ್ಜು ಏರಿಳಿಯುವುದರಿಂದ ಬರುವುದು ಒಂದು, ಸುಮ್ಮನೆ ಕಾಲ ಕಳೆಯುವುದರಿಂದ ಬರುವುದು ಇನ್ನೊಂದು. ಮೇಜಿನ ಲ್ಯಾಪ್‌ಟಾಪನ್ನು ತಿನ್ನುವುದು ಎರಡನೆಯದು. ತಜ್ಞರ ವಲಯದಲ್ಲಿ ಬಹಳವಾಗಿ ಬಳಕೆಯಲ್ಲಿರುವ ಒಂದು ಅಂದಾಜಿನಂತೆ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 40% ಚಾರ್ಜಿನಲ್ಲಿ ಒಂದು ವರ್ಷ ಇಟ್ಟ ಸೆಲ್‌ನಲ್ಲಿ 96% ಸಾಮರ್ಥ್ಯ ಉಳಿಯುತ್ತದೆ. ಪೂರ್ತಿ ತುಂಬಿಸಿ ಇಟ್ಟರೆ 80%. ಅದೇ ತುಂಬಿದ ಸೆಲ್ 40 ಡಿಗ್ರಿಯಲ್ಲಿದ್ದರೆ 65%ಕ್ಕೆ ಇಳಿಯುತ್ತದೆ.

ಚಾರ್ಜರ್ ಹಾಕಿಯೇ ಇಟ್ಟರೆ ಬ್ಯಾಟರಿ ಅತಿಯಾಗಿ ಚಾರ್ಜ್ ಆಗಿ ಸಿಡಿಯುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. 100% ತಲುಪಿದೊಡನೆ ಒಳಗಿನ ಸರ್ಕ್ಯೂಟ್ ಚಾರ್ಜ್ ನಿಲ್ಲಿಸುತ್ತದೆ, ಯಂತ್ರ ನೇರವಾಗಿ ಅಡಾಪ್ಟರಿನಿಂದ ನಡೆಯುತ್ತದೆ. ತೊಂದರೆ ಏನೆಂದರೆ, ಬ್ಯಾಟರಿ ಆ ತುಂಬಿದ ಸ್ಥಿತಿಯಲ್ಲೇ ತಿಂಗಳುಗಟ್ಟಲೆ ನಿಂತುಬಿಡುವುದು.

ಒಂದೇ ಮನೆಯಲ್ಲಿ ಎರಡು ಬ್ಯಾಟರಿ

ಸಹಕಾರನಗರದ ಎಷ್ಟೋ ಮನೆಗಳಲ್ಲಿ ಮೆಟ್ಟಿಲ ಕೆಳಗೋ ಯುಟಿಲಿಟಿಯಲ್ಲೋ ಯುಪಿಎಸ್ ಇರುತ್ತದೆ. ಅದರ ಸೀಸ-ಆಮ್ಲ ಬ್ಯಾಟರಿ ಸದಾ ತುಂಬಿರಲು ಬಯಸುತ್ತದೆ. ಖಾಲಿಯಾಗಿ ಬಿಟ್ಟರೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ ಕೆಡುತ್ತದೆ. ಲ್ಯಾಪ್‌ಟಾಪಿನ ಬ್ಯಾಟರಿಯ ಸ್ವಭಾವ ತೀರ ವಿರುದ್ಧ. ಹಿರಿಯರು ಡಿಸ್ಟಿಲ್ಡ್ ವಾಟರ್ ಹಾಕುತ್ತ ಯುಪಿಎಸ್‌ನಿಂದ ಕಲಿತ ‘ಫುಲ್ ಇರಲಿ’ ಎಂಬ ಪಾಠವನ್ನು ಲ್ಯಾಪ್‌ಟಾಪಿಗೂ ಅನ್ವಯಿಸುತ್ತಾರೆ. ‘ಪೂರ್ತಿ ಇಳಿಸಿ ಆಮೇಲೆ ಚಾರ್ಜ್ ಮಾಡು’ ಎಂಬ ಇನ್ನೊಂದು ಸಲಹೆ ನಿಕಲ್-ಕ್ಯಾಡ್ಮಿಯಂ ಸೆಲ್‌ಗಳ ಕಾಲದ್ದು. ಲಿಥಿಯಂಗೆ ಅದರಿಂದ ಹಾನಿಯೇ ಹೆಚ್ಚು. ಬ್ಯಾಟರಿಗಳು ಬದಲಾದ ವೇಗದಲ್ಲಿ ಮನೆಮಾತಿನ ನಿಯಮಗಳು ಬದಲಾಗಿಲ್ಲ.

ಚಾರ್ಜ್ ಮಿತಿ

ಅತ್ಯಂತ ಫಲಕಾರಿ ಉಪಾಯವೆಂದರೆ ಚಾರ್ಜ್ 60% ಅಥವಾ 80%ಕ್ಕೆ ನಿಲ್ಲುವಂತೆ ಮಿತಿ ಹಾಕುವುದು. ಲೆನೊವೊದ ಹಲವು ಮಾದರಿಗಳಲ್ಲಿ ಇದಕ್ಕೆ ಕನ್ಸರ್ವೇಶನ್ ಮೋಡ್ ಇದೆ. ಥಿಂಕ್‌ಪ್ಯಾಡ್‌ಗಳಲ್ಲಿ ಚಾರ್ಜ್ ಎಲ್ಲಿ ಶುರುವಾಗಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನೂ ಗೊತ್ತುಪಡಿಸಬಹುದು. ಡೆಲ್ ಮತ್ತು ಎಚ್‌ಪಿಯ ಕಚೇರಿ ಮಾದರಿಗಳಲ್ಲಿ ಈ ಸೌಲಭ್ಯ ಯಂತ್ರದ ಮೂಲ ಸೆಟ್ಟಿಂಗ್ ಆದ ಬಯಾಸ್‌ನಲ್ಲಿದೆ, ಏಸಸ್‌ನಲ್ಲಿ ಮೈಏಸಸ್ ತಂತ್ರಾಂಶದಲ್ಲಿ. ಆ್ಯಪಲ್ 2020ರ ಮೇ ತಿಂಗಳಲ್ಲಿ ಮ್ಯಾಕ್‌ಬುಕ್‌ಗಳಿಗೆ ಬ್ಯಾಟರಿ ಆರೋಗ್ಯ ನಿರ್ವಹಣೆಯನ್ನು ಕೊಟ್ಟಿತು. ಬಳಕೆಯ ರೀತಿ ನೋಡಿ ಅದು ತಾನೇ ಗರಿಷ್ಠ ಚಾರ್ಜ್ ತಗ್ಗಿಸುತ್ತದೆ. ಲಿನಕ್ಸ್‌ನಲ್ಲಿ ಟಿಎಲ್‌ಪಿ ಎಂಬ ಉಪಕರಣ ಅನೇಕ ಮಾದರಿಗಳಲ್ಲಿ ಈ ಕೆಲಸ ಮಾಡುತ್ತದೆ.

ಕಂಪನಿಯ ಯಂತ್ರಗಳಲ್ಲಿ ಬಯಾಸ್‌ಗೆ ಪಾಸ್‌ವರ್ಡ್ ಇರುತ್ತದೆ, ತಂತ್ರಾಂಶ ಹಾಕಲು ಅನುಮತಿ ಇರುವುದಿಲ್ಲ. ಆಗ ಐಟಿ ವಿಭಾಗವನ್ನು ಕೇಳುವುದೇ ನೇರ ದಾರಿ. ಅದೂ ಆಗದಿದ್ದರೆ ಸಂಜೆ ಕೆಲಸ ಮುಗಿಯುವ ಮುಂಚೆ ಚಾರ್ಜರ್ ಸ್ವಿಚ್ ಆರಿಸಿ, 60-70%ಕ್ಕೆ ಇಳಿದ ಮೇಲೆ ಯಂತ್ರ ಮುಚ್ಚಿದರೆ ರಾತ್ರಿಯೂ ವಾರಾಂತ್ಯವೂ ನಡುಮಟ್ಟದಲ್ಲಿ ಕಳೆಯುತ್ತವೆ. ಇಡೀ ದಿನ ಶೇಕಡಾವಾರು ನೋಡುತ್ತ ಪ್ಲಗ್ ಹಾಕಿ ತೆಗೆಯುವುದು ಮಾತ್ರ ವ್ಯರ್ಥ ಶ್ರಮ. ಬ್ಯಾಟರಿಯನ್ನೇ ಬಿಚ್ಚಿಡುವ ಹಳೆಯ ಪದ್ಧತಿ ಈಗಿನ ಒಳಜೋಡಣೆಯ ಯಂತ್ರಗಳಲ್ಲಿ ಸಾಧ್ಯವಿಲ್ಲ.

ಮಿತಿ ಹಾಕಿದ ಬ್ಯಾಟರಿಯನ್ನು ಒಂದೆರಡು ತಿಂಗಳಿಗೊಮ್ಮೆ 20%ರವರೆಗೆ ಇಳಿಸಿ ಪೂರ್ತಿ ತುಂಬಿಸುವುದುಂಟು. ಇದರಿಂದ ಸೆಲ್‌ಗೆ ಲಾಭವಿಲ್ಲ. ಉಳಿದ ಚಾರ್ಜನ್ನು ಲೆಕ್ಕ ಹಾಕುವ ಮಾಪಕ ಸರಿಹೋಗುತ್ತದೆ. ವಿಂಡೋಸ್‌ನ ಬ್ಯಾಟರಿ ವರದಿಯಲ್ಲಿ ವಿನ್ಯಾಸದ ಸಾಮರ್ಥ್ಯ ಮತ್ತು ಈಗಿನ ಪೂರ್ಣ ಸಾಮರ್ಥ್ಯ ಎರಡೂ ಇರುತ್ತವೆ: 50 ವ್ಯಾಟ್-ಗಂಟೆಯದು 40ಕ್ಕೆ ಇಳಿದಿದ್ದರೆ ಐದನೆಯ ಒಂದು ಭಾಗ ಹೋಗಿದೆ ಎಂದರ್ಥ.

ಶಾಖ

ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ಬೆಂಗಳೂರಿನ ಹವೆ ಬ್ಯಾಟರಿಗೆ ಅನುಕೂಲ. ಕಲಬುರಗಿ, ರಾಯಚೂರುಗಳಲ್ಲಿ ಈ ಭಾಗ್ಯವಿಲ್ಲ. ಆದರೆ 2016ರ ಏಪ್ರಿಲ್‌ನಲ್ಲಿ ನಗರದ ಉಷ್ಣಾಂಶ 39.2 ಡಿಗ್ರಿ ಮುಟ್ಟಿತ್ತು, 2024ರ ಏಪ್ರಿಲ್‌ನಲ್ಲಿ 38.5. ಅಂಥ ದಿನಗಳಲ್ಲಿ ಮೇಲ್ಮಹಡಿಯ ಆರ್‌ಸಿಸಿ ಸೂರಿನಡಿಯ ಕೋಣೆ ರಾತ್ರಿಯೂ ಕಾದಿರುತ್ತದೆ. ಲ್ಯಾಪ್‌ಟಾಪನ್ನು ಸ್ಟ್ಯಾಂಡ್ ಮೇಲೆ ಎತ್ತರಿಸಿ, ಗಾಳಿಕಿಂಡಿ ಮುಚ್ಚದಂತೆ, ಪಶ್ಚಿಮದ ಬಿಸಿಲು ಬೀಳದ ಕಡೆ ಇಡಬೇಕು. ಮುಚ್ಚಳ ಮುಚ್ಚಿ ಮಾನಿಟರ್ ಮಾತ್ರ ಬಳಸುವವರು ಕೀಲಿಮಣೆಯ ಕಡೆಯಿಂದಲೂ ಬಿಸಿ ಹೊರಹೋಗುವ ಮಾದರಿಗಳಲ್ಲಿ ಎಚ್ಚರ ವಹಿಸಬೇಕು. ಮಾನಿಟರಿನ ಯುಎಸ್‌ಬಿ-ಸಿ ತಂತಿಯಿಂದಲೇ ಚಾರ್ಜ್ ಮಾಡುವಾಗ ಅದು ಕೊಡುವ ವ್ಯಾಟ್ ಯಂತ್ರಕ್ಕೆ ಸಾಲದಿದ್ದರೆ, ಭಾರೀ ಕೆಲಸದ ಹೊತ್ತಿನಲ್ಲಿ ಕೊರತೆಯನ್ನು ಬ್ಯಾಟರಿಯೇ ತುಂಬಬೇಕಾಗುತ್ತದೆ.

ಕರೆಂಟ್ ಹೋದಾಗ

ಮಿತಿ ಹಾಕಿದರೆ ಕರೆಂಟ್ ಹೋದಾಗ ಕೈಕೊಡುತ್ತದಲ್ಲ ಎಂಬ ಆಕ್ಷೇಪ ಸಹಜ. 50 ವ್ಯಾಟ್-ಗಂಟೆಯ ಬ್ಯಾಟರಿಯಲ್ಲಿ 80% ಎಂದರೆ 40. ಹತ್ತು ವ್ಯಾಟ್ ಬೇಡುವ ಸಾಮಾನ್ಯ ಕಚೇರಿ ಕೆಲಸ ಅದರಲ್ಲಿ ಸುಮಾರು ನಾಲ್ಕು ಗಂಟೆ ನಡೆಯುತ್ತದೆ. ಮೊದಲು ಆರುವುದು ಮಾನಿಟರ್ ಮತ್ತು ವೈಫೈ ರೌಟರ್. ಆದ್ದರಿಂದ ಹಣ ಹಾಕುವುದಾದರೆ ರೌಟರಿಗೊಂದು ಪುಟ್ಟ ಯುಪಿಎಸ್‌ಗೆ ಹಾಕುವುದು ಜಾಣತನ. ಮನೆಯ ಯುಪಿಎಸ್ ಲೈನಿನಲ್ಲಿ ಮೇಜಿನ ಪ್ಲಗ್ ಇದ್ದರೆ 60% ಧಾರಾಳ ಸಾಕು, ಇಲ್ಲದವರಿಗೆ 80%. ನಿರ್ವಹಣೆ ಕೆಲಸಕ್ಕೆ ವಿದ್ಯುತ್ ತೆಗೆಯುವುದನ್ನು ವಿದ್ಯುತ್ ಸರಬರಾಜು ಕಂಪನಿ ಬೆಸ್ಕಾಂ ಮುಂಚೆಯೇ ಪ್ರಕಟಿಸುತ್ತದೆ. ಹಿಂದಿನ ರಾತ್ರಿ ಮಿತಿ ತೆಗೆದು ಪೂರ್ತಿ ತುಂಬಿಸಿಕೊಂಡರೆ ಒಂದು ದಿನದಲ್ಲಿ ಏನೂ ಹಾಳಾಗದು. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ಮಾತ್ರ ಪ್ರಕಟಣೆ ಇರುವುದಿಲ್ಲ.

ಊದಿದ ಬ್ಯಾಟರಿ ಮತ್ತು ವಿಲೇವಾರಿ

ಟಚ್‌ಪ್ಯಾಡ್ ಮೇಲೆದ್ದಿದ್ದರೆ, ತಳದ ಮುಚ್ಚಳ ಬಿರಿದಿದ್ದರೆ ಒಳಗಿನ ಸೆಲ್ ಅನಿಲ ತುಂಬಿ ಊದಿದೆ ಎಂದು ತಿಳಿಯಬೇಕು. ಅಂಥ ಯಂತ್ರವನ್ನು ಚಾರ್ಜಿಗೆ ಹಾಕಬಾರದು. ಸೆಲ್ಲನ್ನು ಒತ್ತುವುದು, ಚುಚ್ಚುವುದು ಬೆಂಕಿಗೆ ಆಹ್ವಾನ. ಬದಲಿ ಬ್ಯಾಟರಿ ಟೌನ್‌ಹಾಲ್ ಬಳಿಯ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸಿಗುತ್ತದೆ, ಆದರೆ ಅಗ್ಗದ ನಕಲಿ ಮಾಲು ಒಳಬರುವುದೂ ಇಂಥ ಸಂತೆಗಳಲ್ಲೇ. ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ನೋಂದಣಿಯ ಗುರುತು ಮತ್ತು ಐಎಸ್ 16046 ಎಂಬ ಮಾನಕದ ಸಂಖ್ಯೆ ನೋಡಿ ಕೊಳ್ಳಬೇಕು.

ಹಳೆಯದನ್ನು ಕಸದ ಗಾಡಿಗೆ ಹಾಕುವಂತಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಅದನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಬೆಂಗಳೂರಿನ ಹೊರವಲಯದ ದಾಬಸ್‌ಪೇಟೆಯಲ್ಲಿ ಇ-ಪರಿಸರ ಎಂಬ ಅಧಿಕೃತ ಇ-ತ್ಯಾಜ್ಯ ಘಟಕವೂ ಇದೆ. ಮಂಡ್ಯ ಜಿಲ್ಲೆಯ ಮರಳಗಾಲ-ಅಲ್ಲಾಪಟ್ಟಣ ಪ್ರದೇಶದಲ್ಲಿ ಪತ್ತೆಯಾದ ಲಿಥಿಯಂ ನಿಕ್ಷೇಪದ ಅಂದಾಜು 14,100 ಟನ್‌ನಿಂದ 1,600 ಟನ್ನಿಗೆ ಇಳಿದಿರುವುದನ್ನು ನೆನೆದರೆ, ಮೇಜಿನ ಖಾನೆಯಲ್ಲಿ ಬಿದ್ದಿರುವ ಸತ್ತ ಬ್ಯಾಟರಿಯೂ ಲಿಥಿಯಂನ ಒಂದು ಗಣಿಯೇ. ಕೊಡುವ ಮುನ್ನ ಅದರ ಲೋಹದ ತುದಿಗಳಿಗೆ ಟೇಪ್ ಅಂಟಿಸಬೇಕು.